ದೂರದ ಹಗೆ, ಹತ್ತಿರದ ಗೆಳೆತನ

ಮನುಷ್ಯನು ಹುಟ್ಟಿದ ಊರನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಬೇರೊಂದು ಊರಿಗೆ ಹೊರಟಾಗ ಅವನ ಕೈಯಲ್ಲಿರುವ ಗಂಟು ಸಣ್ಣದು; ಮನಸ್ಸಿನಲ್ಲಿರುವ ಗಂಟು ದೊಡ್ಡದು. ಕೈಯ ಗಂಟಿನಲ್ಲಿ ಎರಡು ಜೊತೆ ಬಟ್ಟೆ, ದಾರಿಗೆ ಬುತ್ತಿ, ಮನೆಯವರ ಒಂದು ಭಾವಚಿತ್ರ ಇದ್ದರೆ ಹೆಚ್ಚು. ಮನಸ್ಸಿನ ಗಂಟಿನಲ್ಲಾದರೋ ಊರಿನ ಹೊಳೆ, ಹೊಲ, ಹಬ್ಬ, ಹಾಡು ಎಲ್ಲವೂ ಇರುತ್ತವೆ. ಅವುಗಳ ಜೊತೆಗೆ ಊರಿನ ಹಳೆಯ ಜಗಳಗಳೂ ಇರುತ್ತವೆ. ಯಾರು ನಮ್ಮವರು, ಯಾರು ನಮ್ಮವರಲ್ಲ, ಯಾರನ್ನು ನಂಬಬಾರದು ಎಂಬ ಮಾತುಗಳು ತಾಯಿನುಡಿಯ ಜೊತೆಯಲ್ಲಿಯೇ ಎಳೆಯ ವಯಸ್ಸಿನಲ್ಲಿ ಕಿವಿಗೆ ಬಿದ್ದಿರುತ್ತವೆ.

ಹೀಗೆ ಹೊರಟವನು ಸಾವಿರಾರು ಕಿಲೋಮೀಟರು ದೂರದ ನಗರವೊಂದನ್ನು ಸೇರಿ, ಒಂದು ಕೆಲಸ ಹಿಡಿದು, ನಾಲ್ಕು ಜನರೊಡನೆ ಒಂದು ಕೊಠಡಿಯಲ್ಲಿ ತಂಗುತ್ತಾನೆ. ಪಕ್ಕದ ಚಾಪೆಯಲ್ಲಿ ಮಲಗಿರುವವನು ತನ್ನ ಊರಿನ ಎದುರುಪಕ್ಷದವನೇ ಎಂದು ಒಂದು ದಿನ ತಿಳಿಯುತ್ತದೆ. ಆಗ ಏನಾಗುತ್ತದೆ? ಊರಿನ ಹಗೆ ಇಲ್ಲಿಗೂ ನಡೆದು ಬರುತ್ತದೆಯೆ? ಅಥವಾ ಇಲ್ಲಿಯ ಬದುಕು ಆ ಹಗೆಯನ್ನು ಕರಗಿಸುತ್ತದೆಯೆ? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಬೆಂಗಳೂರಿನಂಥ ನಗರದಲ್ಲಿ ಇದಕ್ಕೆ ಪ್ರತಿದಿನವೂ ಉತ್ತರ ಸಿಗುತ್ತಿರುತ್ತದೆ. ಒಮ್ಮೆ, 2012ರ ಆಗಸ್ಟ್ ತಿಂಗಳಿನಲ್ಲಿ, ಇಡೀ ನಗರವೇ ಈ ಪ್ರಶ್ನೆಯ ಮುಂದೆ ನಿಲ್ಲಬೇಕಾಯಿತು.

ಬೆಂಗಳೂರಿನ ದಕ್ಷಿಣ ಭಾಗವು ವಲಸೆ ಬಂದವರಿಂದಲೇ ಬೆಳೆದ ಪ್ರದೇಶ. 1948ರಲ್ಲಿ ಜಯನಗರದ ಬಡಾವಣೆ ರೂಪುಗೊಂಡಾಗ ಲಾಲ್‌ಬಾಗಿನಿಂದ ಆಚೆಗೆ ಹೊಲ, ಕೆರೆ, ತೋಪುಗಳೇ ಹೆಚ್ಚಾಗಿ ಕಾಣುತ್ತಿದ್ದವು. ಮುಂದೆ ದೇವಿಯ ಹೆಸರನ್ನು ಹೊತ್ತ ಬನಶಂಕರಿ, ಜಯಪ್ರಕಾಶ್ ನಾರಾಯಣರ ಹೆಸರನ್ನು ಹೊತ್ತ ಜೆ.ಪಿ. ನಗರ ಒಂದೊಂದಾಗಿ ತಲೆಯೆತ್ತಿದವು. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಗುರುತು. ಈ ಬಡಾವಣೆಗಳಿಗೆ ಮೊದಲು ಬಂದವರು ಮಂಡ್ಯ, ಹಾಸನ, ತುಮಕೂರು, ಕೋಲಾರಗಳ ಕಡೆಯವರು. ಕರಾವಳಿಯಿಂದ ಬಂದು ಹೋಟೆಲು ತೆರೆದವರು. ನೆರೆಯ ತಮಿಳು, ತೆಲುಗು ನಾಡುಗಳವರು. ಇಂದು ಇವುಗಳಲ್ಲಿ ಅನೇಕರು ತಮ್ಮನ್ನು ಮೂಲ ನಿವಾಸಿಗಳೆಂದೇ ಭಾವಿಸುತ್ತಾರೆ. ಎರಡು ತಲೆಮಾರು ಹಿಂದಕ್ಕೆ ಹೋದರೆ ಹೆಚ್ಚಿನ ಮನೆಗಳ ಹಿರಿಯರು ಟ್ರಂಕು ಹೊತ್ತು ಬಸ್ಸಿನಿಂದ ಇಳಿದವರೇ.

ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈ ಬಡಾವಣೆಗಳಲ್ಲಿ ಮತ್ತೊಂದು ದಿಕ್ಕಿನ ಜನರು ಕಾಣತೊಡಗಿದರು. ಅಸ್ಸಾಂ, ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಮೊದಲಾದ ಈಶಾನ್ಯ ರಾಜ್ಯಗಳ ತರುಣ ತರುಣಿಯರು ಓದಿಗಾಗಿಯೂ ದುಡಿಮೆಗಾಗಿಯೂ ಇಲ್ಲಿಗೆ ಬಂದರು. ವಸತಿ ಸಮುಚ್ಚಯದ ಬಾಗಿಲಲ್ಲಿ ನೀಲಿ ಸಮವಸ್ತ್ರ ತೊಟ್ಟು ಕಾವಲು ನಿಂತವನು, ದರ್ಶಿನಿಯಲ್ಲಿ ತಟ್ಟೆ ಎತ್ತುವ ಹುಡುಗ, ಕಟ್ಟಡದ ಸಾರುವೆಯ ಮೇಲೆ ನಿಂತು ಗಾರೆ ಮೆತ್ತುವವನು, ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಹುಡುಗಿ — ಇವರಲ್ಲಿ ಅನೇಕರು ಬ್ರಹ್ಮಪುತ್ರಾ ನದಿಯ ಬಯಲಿನವರು. ಅವರ ಊರಿಗೂ ಬೆಂಗಳೂರಿಗೂ ನಡುವೆ ಸುಮಾರು ಮೂರು ಸಾವಿರ ಕಿಲೋಮೀಟರಿನ ರೈಲು ದಾರಿ. ಎರಡು ಹಗಲು ಎರಡು ರಾತ್ರಿ ಕಳೆದರೂ ಆ ಪ್ರಯಾಣ ಮುಗಿಯುವುದಿಲ್ಲ.

ಅಷ್ಟು ದೂರ ಅವರು ಏಕೆ ಬರುತ್ತಾರೆ ಎಂಬುದನ್ನು ತಿಳಿದರೆ ಅವರ ಊರಿನ ಜಗಳವೂ ಅರ್ಥವಾಗುತ್ತದೆ. ಬ್ರಹ್ಮಪುತ್ರಾ ಶಾಂತವಾದ ನದಿಯಲ್ಲ. 1950ರ ಆಗಸ್ಟ್ 15ರಂದು ಅಸ್ಸಾಮಿನಲ್ಲಿ ಭಾರಿ ಭೂಕಂಪವಾಯಿತು. ಬೆಟ್ಟಗಳು ಕುಸಿದು ಬಿದ್ದ ಮಣ್ಣಿನಿಂದ ನದಿಯ ತಳ ಮೇಲೇರಿತು. ಅಂದಿನಿಂದ ಪ್ರವಾಹವೂ ದಡದ ಕೊರೆತವೂ ಹೆಚ್ಚಾದವು. 1950ರಿಂದೀಚೆಗೆ ಅಸ್ಸಾಮಿನಲ್ಲಿ ನಾಲ್ಕು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಭೂಮಿಯನ್ನು ನದಿಗಳು ನುಂಗಿವೆ. ನಿನ್ನೆ ಬತ್ತದ ಗದ್ದೆಯಾಗಿದ್ದುದು ಇಂದು ನೀರು. ನಿನ್ನೆ ರೈತನಾಗಿದ್ದವನು ಇಂದು ನೆಲವಿಲ್ಲದವನು. ನದಿಗೆ ಜಾತಿ ಮತಗಳ ಭೇದವಿಲ್ಲ. ಅದು ಎಲ್ಲರ ಹೊಲವನ್ನೂ ಒಂದೇ ರೀತಿಯಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಆದರೆ ಉಳಿದ ನೆಲ ಯಾರದು ಎಂಬ ಪ್ರಶ್ನೆ ಬಂದಾಗ ಮನುಷ್ಯರು ಭೇದವೆಣಿಸುತ್ತಾರೆ.

ಬ್ರಹ್ಮಪುತ್ರಾ ನದಿಯ ಉತ್ತರ ದಡದಲ್ಲಿ ಬೋಡೊ ಜನರು ಬಹಳ ಹಿಂದಿನಿಂದಲೂ ನೆಲೆಸಿದ್ದಾರೆ. ಅವರಿಗೆ ತಮ್ಮದೇ ಆದ ಭಾಷೆಯಿದೆ. 2003ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಪೂರ್ವ ಬಂಗಾಳದ ಮೈಮನಸಿಂಗ್ ಮೊದಲಾದ ಜಿಲ್ಲೆಗಳ ಬಡ ರೈತರು ಅಸ್ಸಾಮಿನ ಪಾಳು ಭೂಮಿಯನ್ನು ಸಾಗು ಮಾಡಲು ಬಂದರು. ಅವರಲ್ಲಿ ಬಹುಪಾಲು ಬಂಗಾಳಿ ಮಾತನಾಡುವ ಮುಸಲ್ಮಾನರು. ಕಂದಾಯ ಹೆಚ್ಚಬೇಕೆಂಬ ಆಸೆಯಿಂದ ಅಂದಿನ ಬ್ರಿಟಿಷ್ ಆಡಳಿತವೂ ಈ ವಲಸೆಗೆ ಪ್ರೋತ್ಸಾಹ ನೀಡಿತು. ಕಾಲ ಕಳೆದಂತೆ ನೆಲ ಕಡಿಮೆಯಾಯಿತು, ಜನ ಹೆಚ್ಚಾದರು. ತಮ್ಮ ನೆಲವೂ ನುಡಿಯೂ ಕೈಬಿಟ್ಟು ಹೋಗುತ್ತಿವೆ ಎಂದು ಬೋಡೊ ಜನರು ಭಯಪಟ್ಟರು. ಅಜ್ಜನ ಕಾಲದಿಂದ ಉತ್ತ ನೆಲದಲ್ಲಿ ತಮ್ಮನ್ನು ಪರಕೀಯರೆಂದು ಕರೆಯುತ್ತಾರೆ ಎಂದು ಮತ್ತೊಂದು ಕಡೆಯವರು ನೊಂದರು. ಒಂದು ಕಡೆಯ ಭಯವೂ ಸುಳ್ಳಲ್ಲ, ಮತ್ತೊಂದು ಕಡೆಯ ನೋವೂ ಸುಳ್ಳಲ್ಲ. ಭಯ ಮತ್ತು ನೋವು ಎದುರುಬದುರಾಗಿ ನಿಂತ ಕಡೆ ಒಂದು ಕಿಡಿ ಸಾಕಾಗುತ್ತದೆ.

2012ರ ಜುಲೈ ತಿಂಗಳಿನಲ್ಲಿ ಆ ಕಿಡಿ ಬಿದ್ದಿತು. ಕೊಕ್ರಝಾರ್ ಜಿಲ್ಲೆಯಲ್ಲಿ ಆರಂಭವಾದ ಹಿಂಸೆ ಚಿರಾಂಗ್, ಧುಬ್ರಿ ಜಿಲ್ಲೆಗಳಿಗೂ ಹಬ್ಬಿತು. ಎಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟು ಪರಿಹಾರ ಶಿಬಿರಗಳನ್ನು ಸೇರಿದರು. ಶಾಲೆಗಳೇ ಶಿಬಿರಗಳಾದವು. ಎರಡು ಕಡೆಯವರ ಮನೆಗಳೂ ಸುಟ್ಟವು. ಎರಡು ಕಡೆಯ ಮಕ್ಕಳೂ ಬಯಲಿನಲ್ಲಿ ಮಲಗಿದರು.

ಈಗ ಬೆಂಗಳೂರಿನ ಕೊಠಡಿಗೆ ಹಿಂತಿರುಗಿ ನೋಡಬಹುದು. ಅಲ್ಲಿ ಒಬ್ಬನ ಊರಿನಲ್ಲಿ ನೆಲದ ಚಿಂತೆ, ಮತ್ತೊಬ್ಬನ ಊರಿನಲ್ಲಿಯೂ ಅದೇ ಚಿಂತೆ. ಇಬ್ಬರೂ ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ದುಡಿಯುವುದುಂಟು. ಒಬ್ಬನು ಹಗಲು ಪಾಳಿ, ಮತ್ತೊಬ್ಬನು ರಾತ್ರಿ ಪಾಳಿ ಎಂದು ಒಂದೇ ಬಾಗಿಲನ್ನು ಕಾಯುವುದುಂಟು. ಊರಿನಲ್ಲಿ ಒಬ್ಬರ ಕೇರಿಗೆ ಒಬ್ಬರು ಕಾಲಿಡಲು ಹಿಂಜರಿಯುವವರು ಇಲ್ಲಿ ಒಂದೇ ಒಲೆಯ ಅನ್ನ ಉಣ್ಣುವುದು ಹೇಗೆ ಸಾಧ್ಯವಾಗುತ್ತದೆ? ಇದಕ್ಕೆ ಕೆಲವು ಕಾರಣಗಳಿವೆ.

ಮೊದಲನೆಯದಾಗಿ, ಜಗಳಕ್ಕೆ ಮೂಲವಾದ ವಸ್ತು ಇಲ್ಲಿ ಇಲ್ಲ. ಊರಿನಲ್ಲಿ ಅವರು ಹೋರಾಡುತ್ತಿರುವುದು ಒಂದು ತುಂಡು ನೆಲಕ್ಕಾಗಿ. ಆ ನೆಲ ಮೂರು ಸಾವಿರ ಕಿಲೋಮೀಟರು ದೂರದಲ್ಲಿದೆ. ಬಿ.ಟಿ.ಎಂ. ಬಡಾವಣೆಯ ಹತ್ತಡಿ ಅಗಲದ ಕೊಠಡಿ ಇಬ್ಬರಿಗೂ ಸೇರಿದ್ದಲ್ಲ, ಅದು ಬಾಡಿಗೆಯದು. ಇಬ್ಬರೂ ಕಳೆದುಕೊಳ್ಳುವಂಥದು ಅಲ್ಲಿ ಏನೂ ಇಲ್ಲದಿದ್ದಾಗ ಒಬ್ಬರನ್ನೊಬ್ಬರು ಶಾಂತವಾಗಿ ನೋಡಲು ಬಿಡುವು ದೊರೆಯುತ್ತದೆ.

ಎರಡನೆಯದಾಗಿ, ಹೊಸ ಊರು ಅವರಿಬ್ಬರನ್ನೂ ಒಂದೇ ಎಂದು ಕಾಣುತ್ತದೆ. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ಕೇಳದವರಿಲ್ಲ. ದೂರದ ಜನರೂ ಹಾಗೆಯೇ; ಅವರೊಳಗಿನ ಏರುತಗ್ಗುಗಳು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಬೋಡೊ ಯಾರು, ಅಸ್ಸಾಮಿಯಾ ಯಾರು, ಬಂಗಾಳಿ ಯಾರು ಎಂಬ ಭೇದ ಜಯನಗರದ ಮನೆಯೊಡೆಯನಿಗೆ ತಿಳಿಯದು. ಬಾಡಿಗೆಗೆ ಮನೆ ಕೇಳಿದಾಗ ಇಬ್ಬರಿಗೂ ಒಂದೇ ಬಗೆಯ ಪ್ರಶ್ನೆ. ಬೀದಿಯಲ್ಲಿ ಅಪಹಾಸ್ಯವಾದರೆ ಇಬ್ಬರಿಗೂ ಒಂದೇ ಬಗೆಯ ನೋವು. ಹೊರಗಿನವರು ಎಂಬ ಒಂದೇ ಹೆಸರನ್ನು ಇಬ್ಬರೂ ಹಂಚಿಕೊಂಡಾಗ ಒಳಗಿನ ಎರಡು ಹೆಸರುಗಳ ಬಿಗಿ ಸಡಿಲವಾಗುತ್ತದೆ.

ಮೂರನೆಯದಾಗಿ, ಅವರ ನಡುವೆ ಹಂಚಿಕೊಳ್ಳುವಂಥದು ಬಹಳವಿದೆ. ಮನೆಮಾತು ಬೇರೆಯಾದರೂ ಇಬ್ಬರಿಗೂ ಅಸ್ಸಾಮಿಯಾ ಭಾಷೆ ಬರುತ್ತದೆ. ಕನ್ನಡದ ಅಕ್ಷರವೇ ಅರಿಯದ ಊರಿನಲ್ಲಿ ಬಸ್ಸಿನ ಫಲಕದ ಮುಂದೆ ಕಂಗೆಟ್ಟು ನಿಂತವನಿಗೆ ತನಗೆ ತಿಳಿಯುವ ಮಾತೊಂದು ಹಿಂದಿನಿಂದ ಕೇಳಿ ಬಂದರೆ, ಆ ಧ್ವನಿ ಯಾವ ಪಕ್ಷದ್ದು ಎಂದು ಅವನು ವಿಚಾರಿಸುವನೆ? ಇಬ್ಬರಿಗೂ ಅನ್ನ ಮೀನುಗಳೇ ಪ್ರಿಯವಾದ ಊಟ. ಹುಳಿ ಹಾಕಿದ ಮೀನಿನ ಸಾರಿನ ರುಚಿಯನ್ನು ಬೇರೆಯವರಿಗೆ ವಿವರಿಸಬೇಕು. ಇವರಿಬ್ಬರ ನಡುವೆ ವಿವರಣೆ ಬೇಕಿಲ್ಲ. ಮಳೆಗಾಲ ಬಂದರೆ ನದಿ ಎಷ್ಟು ಏರಿತು ಎಂಬ ಕಳವಳವೂ ಇಬ್ಬರದು. ಊರಿನಲ್ಲಿ ಭೇದವೇ ದೊಡ್ಡದಾಗಿ ಕಂಡಿತ್ತು. ಪರಸ್ಥಳದಲ್ಲಿ ಸಮಾನವಾದುದೇ ದೊಡ್ಡದಾಗಿ ಕಾಣುತ್ತದೆ.

ಕೊನೆಯದಾಗಿ, ಕಷ್ಟಕಾಲ. ಜ್ವರ ಬಂದು ಮಲಗಿದವನಿಗೆ ಗಂಜಿ ಕಾಯಿಸುವವನು ಪಕ್ಕದ ಚಾಪೆಯವನೇ ಆಗಬೇಕು. ಸಂಬಳ ತಡವಾದಾಗ ಊರಿಗೆ ಹಣ ಕಳುಹಿಸಲು ಕೈಗಡ ಕೊಡುವವನು ಅವನೇ. ಸಿದ್ಧಾಂತಗಳು ಮಾಡಲಾರದ ಕೆಲಸವನ್ನು ಇಂಥ ಚಿಕ್ಕ ಉಪಕಾರಗಳು ಮಾಡುತ್ತವೆ. ಇಂಥ ಗೆಳೆಯರು ಊರಿನ ಜಗಳವನ್ನು ಮರೆತಿರುತ್ತಾರೆ ಎಂದು ತಿಳಿಯಬಾರದು. ಅವರು ಆ ವಿಷಯವನ್ನು ಎತ್ತದೆ ಇರುವುದನ್ನು ಕಲಿತಿರುತ್ತಾರೆ. ಆ ಮೌನ ಹೇಡಿತನವಲ್ಲ. ಹುಣ್ಣಿರುವ ಕೈಯನ್ನು ಬಿಗಿಯಾಗಿ ಹಿಡಿಯದ ಎಚ್ಚರ ಅದು.

ಆದರೆ ದೂರದ ಕಲಹ ಬೆಳೆದು ಹತ್ತಿರಕ್ಕೇ ಬಂದಾಗ ಇಂಥ ಗೆಳೆತನ ಉಳಿಯುತ್ತದೆಯೆ? ಈ ಪ್ರಶ್ನೆಗೆ ಉತ್ತರವಾಗಿ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರ ಚಿನ್ನದ ಗಣಿಗಳಿಂದ ಬೆಳೆದ ವಲಸೆಗಾರರ ಊರು. ಗುಜರಾತಿನಿಂದ ಹೋಗಿದ್ದ ವಕೀಲರಾದ ಮೋಹನದಾಸ ಗಾಂಧಿಯವರಿಗೆ ಅಲ್ಲಿ ಹರ್ಮನ್ ಕಾಲೆನ್‌ಬಾಕ್ ಎಂಬ ವಾಸ್ತುಶಿಲ್ಪಿಯ ಪರಿಚಯವಾಯಿತು. ಕಾಲೆನ್‌ಬಾಕರು ಜರ್ಮನಿಯಿಂದ ಬಂದಿದ್ದ ಯೆಹೂದಿ. ಪರಿಚಯ ಸ್ನೇಹವಾಯಿತು, ಸ್ನೇಹ ಸಹಜೀವನವಾಯಿತು. ಸತ್ಯಾಗ್ರಹಿಗಳ ಕುಟುಂಬಗಳಿಗೆ ನೆಲೆ ಬೇಕಾದಾಗ, 1910ರಲ್ಲಿ ಕಾಲೆನ್‌ಬಾಕರು ಸುಮಾರು 1,100 ಎಕರೆಯ ತಮ್ಮ ತೋಟವನ್ನು ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರಂ. ಕಾಲೆನ್‌ಬಾಕರು ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಗಾಂಧೀಜಿಗೆ ಕಲಿಸಿದರು. ಗಾಂಧೀಜಿ ಅದನ್ನು ಇತರರಿಗೆ ಕಲಿಸಿದರು.

1914ರ ಜುಲೈಯಲ್ಲಿ ಗಾಂಧೀಜಿ, ಕಸ್ತೂರಬಾ ಮತ್ತು ಕಾಲೆನ್‌ಬಾಕ್ ಒಂದೇ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಅಲ್ಲಿಂದ ಭಾರತಕ್ಕೆ ಬಂದು ಕೂಡಿಯೇ ಬಾಳಬೇಕೆಂಬುದು ಅವರ ಸಂಕಲ್ಪ. ಹಡಗು ದಡ ಸೇರುವ ಹೊತ್ತಿಗೆ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಆರಂಭವಾಗಿತ್ತು. ಹಡಗು ಹತ್ತಿದಾಗ ಇಬ್ಬರೂ ಗೆಳೆಯರು. ಇಳಿದಾಗ ಒಬ್ಬರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆ, ಮತ್ತೊಬ್ಬರು ಆ ಸಾಮ್ರಾಜ್ಯದ ಶತ್ರು ದೇಶದವರು. ಗಾಂಧೀಜಿ ಬ್ರಿಟಿಷರ ಗಾಯಾಳುಗಳ ಸೇವೆಗಾಗಿ ಭಾರತೀಯರ ಪಡೆಯೊಂದನ್ನು ಕಟ್ಟಿದರು. ಕಾಲೆನ್‌ಬಾಕರಿಗೆ ಭಾರತಕ್ಕೆ ಬರಲು ಸರ್ಕಾರ ಅನುಮತಿ ನೀಡಲಿಲ್ಲ. ಮುಂದೆ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಬಂಧನ ಶಿಬಿರದಲ್ಲಿ ಇರಿಸಲಾಯಿತು. ಅವರಿಬ್ಬರು ಮತ್ತೆ ಮುಖಾಮುಖಿಯಾಗಲು 1937ರವರೆಗೆ ಕಾಯಬೇಕಾಯಿತು. ಆ ವೇಳೆಗೆ ಪ್ಯಾಲೆಸ್ಟೈನ್ ಪ್ರಶ್ನೆಯ ಬಗೆಗೆ ಇಬ್ಬರ ಅಭಿಪ್ರಾಯಗಳು ಬೇರೆಯಾಗಿದ್ದವು. ಆದರೂ ಸ್ನೇಹ ಮುರಿಯಲಿಲ್ಲ. ಸರ್ಕಾರಗಳು ಅವರನ್ನು ಎರಡು ಪಕ್ಷಗಳಾಗಿ ವಿಂಗಡಿಸಿದವು. ಅವರು ಮಾತ್ರ ಒಬ್ಬರನ್ನೊಬ್ಬರು ವ್ಯಕ್ತಿಗಳಾಗಿಯೇ ಕಂಡರು.

ಗಾಂಧೀಜಿ ಮತ್ತು ಕಾಲೆನ್‌ಬಾಕರು ಅಸಾಮಾನ್ಯರು. ಸಾಮಾನ್ಯ ಜನರ ಗೆಳೆತನಕ್ಕೆ ಇಂಥ ಪರೀಕ್ಷೆ ಬಂದರೆ ಹೇಗೆ? 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಬಂದದ್ದು ಅಂಥ ಪರೀಕ್ಷೆಯೇ. ಅಸ್ಸಾಮಿನ ಹಿಂಸೆಯ ಸುದ್ದಿಯ ಬೆನ್ನಿಗೆ ಮೊಬೈಲ್ ದೂರವಾಣಿಗಳಲ್ಲಿ ಕಿರು ಸಂದೇಶಗಳು ಹರಿದಾಡತೊಡಗಿದವು. ಆಗಸ್ಟ್ 20ರಂದು ರಂಜಾನ್ ಹಬ್ಬ. ಹಬ್ಬ ಕಳೆದ ಮೇಲೆ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳಲಾಗುತ್ತದೆ, ಅಷ್ಟರೊಳಗೆ ಊರು ಬಿಡಿ ಎಂಬುದು ಅವುಗಳ ಸಾರಾಂಶ. ಬೇರೆ ಕಾಲದ, ಬೇರೆ ದೇಶದ ಭಯಾನಕ ಚಿತ್ರಗಳನ್ನು ಅಸ್ಸಾಮಿನವೆಂದು ಹೇಳಿ ಹಂಚಲಾಯಿತು. ಸಂದೇಶವನ್ನು ಮೊದಲು ಬರೆದವರು ಯಾರು ಎಂದು ಯಾರೂ ಕೇಳಲಿಲ್ಲ. ಕಳುಹಿಸಿದವನು ಗೆಳೆಯ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಅದನ್ನು ನಂಬಿದರು. ನಂಬಿದವರು ಮತ್ತೆ ಹತ್ತು ಜನ ಗೆಳೆಯರಿಗೆ ಕಳುಹಿಸಿದರು.

ಆಗಸ್ಟ್ 15ರ ರಾತ್ರಿ, ದೇಶ ಸ್ವಾತಂತ್ರ್ಯದಿನವನ್ನು ಆಚರಿಸಿದ ದಿನವೇ, ಬೆಂಗಳೂರು ನಗರ ರೈಲು ನಿಲ್ದಾಣದಲ್ಲಿ ಸಾವಿರಾರು ಜನರು ನೆರೆದರು. ಸಂಬಳವನ್ನೂ ಪಡೆಯದೆ, ಪರೀಕ್ಷೆಯನ್ನೂ ಬಿಟ್ಟು, ಕೈಗೆ ಸಿಕ್ಕಿದ ಬಟ್ಟೆಬರೆಗಳನ್ನು ತುಂಬಿಕೊಂಡು ಅವರು ಓಡಿ ಬಂದಿದ್ದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಸುಮಾರು ಮೂವತ್ತು ಸಾವಿರ ಜನರು ನಗರವನ್ನು ತೊರೆದರೆಂದು ಅಂದು ವರದಿಯಾಯಿತು. ಹಾಗೆ ಓಡಿದವರಲ್ಲಿ ಊರಿನ ಎರಡು ಕಡೆಯವರೂ ಇದ್ದರು. ಭಯಕ್ಕೆ ಬೋಡೊ ಎಂದೂ ಇಲ್ಲ, ಮುಸಲ್ಮಾನ ಎಂದೂ ಇಲ್ಲ.

ನಗರ ಕೈಕಟ್ಟಿ ಕುಳಿತಿರಲಿಲ್ಲ. ರಾಜ್ಯದ ಗೃಹಸಚಿವರು ಸ್ವತಃ ನಿಲ್ದಾಣಕ್ಕೆ ಹೋಗಿ, ಹೋಗಬೇಡಿರೆಂದು ಕೇಳಿಕೊಂಡರು. ಪೊಲೀಸರು ಬಡಾವಣೆಗಳಲ್ಲಿ ಪಹರೆ ಹೆಚ್ಚಿಸಿದರು. ಹಲವು ಸಂಘಸಂಸ್ಥೆಗಳ ಸ್ವಯಂಸೇವಕರು ರೈಲಿನ ಕಿಟಕಿಗಳಲ್ಲಿ ಅನ್ನ ನೀರು ಕೊಟ್ಟರು. ಯಾರಿಗೆ ಹೆದರಿ ಅವರು ಓಡುತ್ತಿದ್ದಾರೆಂದು ವದಂತಿ ಹೇಳಿತ್ತೋ, ಆ ಸಮುದಾಯದ ಮುಖಂಡರೇ ಮುಂದೆ ಬಂದು ಈಶಾನ್ಯದವರ ರಕ್ಷಣೆಯ ಹೊಣೆ ತಮ್ಮದೂ ಹೌದು ಎಂದು ಸಾರಿದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಮ್ಮೆಗೆ ಬಹಳ ಜನರಿಗೆ ಸಂದೇಶ ಕಳುಹಿಸುವುದನ್ನು ಹದಿನೈದು ದಿನಗಳ ಕಾಲ ನಿಷೇಧಿಸಿತು. ಆಗಸ್ಟ್ 20 ಬಂದಿತು. ಹಬ್ಬದ ನಮಾಜು ನಡೆಯಿತು. ಹಬ್ಬ ಶಾಂತವಾಗಿ ಕಳೆಯಿತು. ಸಂದೇಶಗಳು ಹೇಳಿದ ಯಾವ ಸೇಡೂ ನಡೆಯಲಿಲ್ಲ.

ಆದರೆ ಆ ವಾರದ ಒಂದು ಘಟನೆಯನ್ನು ಮರೆಯುವಂತಿಲ್ಲ. ಬೆಂಗಳೂರಿನಿಂದ ಹೊರಟ ರೈಲೊಂದು ಉತ್ತರ ಬಂಗಾಳವನ್ನು ತಲುಪಿದಾಗ ಕೆಲವು ಮುಸಲ್ಮಾನ ಪ್ರಯಾಣಿಕರ ಮೇಲೆ ಹಲ್ಲೆ ನಡೆಯಿತು. ಅವರನ್ನು ಚಲಿಸುವ ಬಂಡಿಯಿಂದ ಹೊರಕ್ಕೆ ನೂಕಲಾಯಿತು. ಒಂದೇ ನಗರದಲ್ಲಿ ಬದುಕಿದ್ದವರು, ಒಂದೇ ಭಯದಿಂದ ಒಂದೇ ರೈಲನ್ನು ಹತ್ತಿದವರು, ಊರು ಹತ್ತಿರವಾಗುತ್ತಿದ್ದಂತೆ ಮತ್ತೆ ಎರಡು ಪಕ್ಷಗಳಾದರು. ದೂರ ಹಗೆಯನ್ನು ಮಲಗಿಸಬಹುದು, ಸಾಯಿಸಲಾರದು ಎಂಬ ಕಠಿಣ ಸತ್ಯವನ್ನು ಈ ಘಟನೆ ತೋರಿಸಿಕೊಟ್ಟಿತು. ಮಲಗಿದ ಹಗೆಯನ್ನು ವದಂತಿ ಎಷ್ಟು ಬೇಗ ಎಬ್ಬಿಸಬಲ್ಲದು ಎಂಬುದನ್ನೂ ತೋರಿಸಿತು.

ವದಂತಿಯ ಕೆಲಸವೇ ಅದು. ಮುಖವಿರುವ ಮನುಷ್ಯನನ್ನು ಅದು ಮುಖವಿಲ್ಲದ ಗುಂಪಾಗಿ ಮಾರ್ಪಡಿಸುತ್ತದೆ. ಹೆಸರು ಹಿಡಿದು ಕರೆಯುತ್ತಿದ್ದವನು ‘ಅವರಲ್ಲೊಬ್ಬ’ನಾಗುತ್ತಾನೆ. ನಿನ್ನೆ ಗಂಜಿ ಕಾಯಿಸಿ ಕೊಟ್ಟ ಕೈ ನೆನಪಿಗೆ ಬಾರದಂತೆ ಮಾಡುವುದೇ ವದಂತಿಯ ಬಲ. ಇದಕ್ಕೆ ಪ್ರತಿಯಾದ ಔಷಧ ಗಾದೆಯೊಂದರಲ್ಲಿ ಹಿಂದೆಯೇ ಇದೆ: ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.’ ಕಣ್ಣಾರೆ ಕಂಡದ್ದನ್ನೇ ಪರೀಕ್ಷಿಸಬೇಕೆಂದು ಹಿರಿಯರು ಹೇಳಿರುವಾಗ, ಯಾರೋ ಕಳುಹಿಸಿದ ಸಂದೇಶವನ್ನು ಪರೀಕ್ಷಿಸದೆ ಮುಂದಕ್ಕೆ ತಳ್ಳುವುದು ಎಂಥ ವಿವೇಕ? ಹೇಳಿದವರು ಯಾರು, ಅವರು ಕಂಡದ್ದೇ ಕೇಳಿದ್ದೇ, ಇದರಿಂದ ಯಾರಿಗೆ ಲಾಭ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಎಷ್ಟೋ ಜನರ ಬದುಕನ್ನು ಉಳಿಸಬಲ್ಲದು.

ಹೋದವರಲ್ಲಿ ಅನೇಕರು ಆಗಸ್ಟ್ ತಿಂಗಳು ಮುಗಿಯುವ ಮೊದಲೇ ಹಿಂತಿರುಗತೊಡಗಿದರು. ಊರಿನಲ್ಲಿ ಕೆಲಸವಿರಲಿಲ್ಲ, ಬೆಂಗಳೂರಿನಲ್ಲಿ ಕೆಲಸ ಕಾದಿತ್ತು. ಕಾವಲುಗಾರನಿಲ್ಲದ ಬಾಗಿಲುಗಳಿಗೆ ಮತ್ತೆ ಕಾವಲು ಬಂದಿತು. ಹಿಂತಿರುಗಿದವರು ಪುನಃ ಅದೇ ಬೀದಿಗಳಲ್ಲಿ, ಅದೇ ಎದುರುಪಕ್ಷದವರ ಪಕ್ಕದಲ್ಲಿ ಬಾಳತೊಡಗಿದರು. ಒಡೆದ ನಂಬಿಕೆಯನ್ನು ಬೆಸೆಯುವುದು ಹೊಸ ನಂಬಿಕೆಯನ್ನು ಕಟ್ಟುವುದಕ್ಕಿಂತ ಕಷ್ಟವಾದ ಕೆಲಸ. ಆ ಕಷ್ಟದ ಕೆಲಸವನ್ನು ಯಾವ ಸಮಾರಂಭವೂ ಇಲ್ಲದೆ ಸಾಮಾನ್ಯ ಜನರು ಮಾಡಿದರು ಎಂಬುದೇ ಆ ತಿಂಗಳಿನ ದೊಡ್ಡ ಸಂಗತಿ.

ಇದನ್ನು ಓದುವ ಕನ್ನಡಿಗರು, ಇದು ದೂರದ ಜನರ ಕಥೆ ಎಂದು ನಿಶ್ಚಿಂತರಾಗಿರುವಂತಿಲ್ಲ. ಕಾವೇರಿ ನೀರಿನ ಹಂಚಿಕೆಯ ವಿವಾದದಿಂದಾಗಿ 1991ರ ಡಿಸೆಂಬರಿನಲ್ಲಿ ಇದೇ ಬೆಂಗಳೂರಿನಲ್ಲಿ ಹಿಂಸೆ ನಡೆಯಿತು. ಎಷ್ಟೋ ವರ್ಷಗಳಿಂದ ನೆರೆಯಲ್ಲಿ ಬಾಳಿದ್ದ ತಮಿಳು ಕುಟುಂಬಗಳು ಊರು ಬಿಟ್ಟು ಓಡಬೇಕಾಯಿತು. ಅಂಥ ಹೊತ್ತಿನಲ್ಲಿಯೂ ನೆರೆಯವರನ್ನು ತಮ್ಮ ಮನೆಯೊಳಕ್ಕೆ ಕರೆದುಕೊಂಡು ಬಾಗಿಲು ಹಾಕಿ ಕಾಪಾಡಿದ ಕನ್ನಡಿಗರು ಇದ್ದರು. ಅದೇ ಕನ್ನಡಿಗರ ಮತ್ತು ತಮಿಳರ ಮಕ್ಕಳು ಇಂದು ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅಕ್ಕಪಕ್ಕದ ಮನೆಗಳಲ್ಲಿದ್ದಾರೆ. ಅಲ್ಲಿ ಅವರನ್ನು ನೋಡುವವರ ಕಣ್ಣಿಗೆ ಇಬ್ಬರೂ ಭಾರತದವರು. ಹುಣಿಸೆಹಣ್ಣೂ ಸಾರಿನ ಪುಡಿಯೂ ಇಬ್ಬರ ಅಡುಗೆಮನೆಯಲ್ಲಿಯೂ ಬೇಕು. ಕಾವೇರಿ ಅಲ್ಲಿಂದ ಬಹು ದೂರ. ಅಸ್ಸಾಮಿನವರಿಗೆ ಬೆಂಗಳೂರು ಏನೋ ಕನ್ನಡಿಗರಿಗೆ ಆ ಪರದೇಶ ಅದೇ ಆಗಿದೆ.

ಹಾಗೆಂದು ಗೆಳೆತನವೊಂದೇ ಎಲ್ಲ ಕಲಹಗಳನ್ನೂ ಪರಿಹರಿಸುತ್ತದೆ ಎಂದು ನಂಬುವುದು ಸರಿಯಲ್ಲ. ನೆಲದ ಪ್ರಶ್ನೆಗೆ ನೆಲದಲ್ಲಿಯೇ ನ್ಯಾಯವಾದ ಉತ್ತರ ದೊರೆಯಬೇಕು. ಬೋಡೊ ಪ್ರದೇಶಕ್ಕೆ ಸಂಬಂಧಿಸಿ 1993, 2003 ಮತ್ತು 2020ರಲ್ಲಿ ಒಪ್ಪಂದಗಳಾದವು. ಸಶಸ್ತ್ರ ಗುಂಪುಗಳು ಆಯುಧಗಳನ್ನು ಕೆಳಗಿಟ್ಟವು. ಇಂಥ ಒಪ್ಪಂದಗಳನ್ನು ಬರೆಯುವವರು ಆಡಳಿತಗಾರರೂ ಮುಖಂಡರೂ. ಆದರೆ ಕಾಗದದ ಮೇಲಿನ ಒಪ್ಪಂದ ಬಾಳುವುದು ಜನರು ಒಬ್ಬರನ್ನೊಬ್ಬರು ನಂಬಿದಾಗ ಮಾತ್ರ. ಎದುರುಪಕ್ಷದಲ್ಲಿ ತನಗೆ ತಿಳಿದ ಒಬ್ಬ ಒಳ್ಳೆಯವನಿದ್ದಾನೆ ಎಂಬ ನೆನಪು ಇರುವವನು ಆ ಪಕ್ಷದ ಎಲ್ಲರನ್ನೂ ಒಂದೇ ಮಾತಿನಲ್ಲಿ ಕೆಟ್ಟವರೆಂದು ಹೇಳಲಾರ. ಬೆಂಗಳೂರಿನಿಂದ ರಜಕ್ಕೆ ಊರಿಗೆ ಹೋದ ತರುಣನು ಮನೆಯ ಜಗಲಿಯ ಮೇಲೆ ಕುಳಿತು, ಅಲ್ಲಿ ತನಗೆ ಜ್ವರ ಬಂದಾಗ ನೋಡಿಕೊಂಡವನು ಹೊಳೆಯಾಚೆಯ ಊರಿನವನು ಎಂದು ತಾಯಿಗೆ ಹೇಳಿದರೆ, ಆ ಮಾತು ಎಷ್ಟು ಸಣ್ಣದೋ ಅಷ್ಟೇ ದೂರ ಹೋಗುತ್ತದೆ.

ಮನುಷ್ಯನಿಗೆ ತನ್ನ ಪಕ್ಷವನ್ನು ಆರಿಸಿಕೊಳ್ಳುವ ಅವಕಾಶ ಬಹುಮಟ್ಟಿಗೆ ಇರುವುದಿಲ್ಲ. ಹುಟ್ಟಿದ ಮನೆ, ಆಡುವ ಮಾತು, ಪೂಜಿಸುವ ದೇವರು ಅವನನ್ನು ಒಂದು ಕಡೆಗೆ ನಿಲ್ಲಿಸಿಬಿಟ್ಟಿರುತ್ತವೆ. ಗೆಳೆಯನನ್ನು ಮಾತ್ರ ಅವನೇ ಆರಿಸಿಕೊಳ್ಳಬೇಕು. ಊರು ಬಿಟ್ಟು ಬಂದವನಿಗೆ ಪರಸ್ಥಳವು ಕೊಡುವ ದೊಡ್ಡ ಕೊಡುಗೆ ಈ ಆಯ್ಕೆಯ ಅವಕಾಶ. ಆ ಅವಕಾಶ ಕೆಡದಂತೆ ಕಾಯುವುದು ಬಂದವರ ಹೊಣೆ ಮಾತ್ರವಲ್ಲ. ಅವರಿಗೆ ಮನೆ ಬಾಡಿಗೆಗೆ ಕೊಟ್ಟವರ, ಅವರ ಜೊತೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದುವವರ, ಅವರು ಕಾಯುವ ಬಾಗಿಲಿನೊಳಗೆ ನಿಶ್ಚಿಂತೆಯಿಂದ ನಿದ್ರಿಸುವವರ ಹೊಣೆಯೂ ಹೌದು.